ಖಾಸಿ ಮತ್ತು ಲಿಥುವೇನಿಯನ್: ನಂಟಿಲ್ಲದ ಎರಡು ಭಾಷೆಗಳನ್ನು ಹೋಲಿಸುವುದು ಹೇಗೆ

ಖಾಸಿ ಮೇಘಾಲಯದ ಗುಡ್ಡಗಳ ಭಾಷೆ. ಲಿಥುವೇನಿಯನ್ ಬಾಲ್ಟಿಕ್ ಸಮುದ್ರದ ಪಕ್ಕದ ಒಂದು ಸಣ್ಣ ದೇಶದ ಭಾಷೆ. ಇವೆರಡನ್ನು ಯಾಕೆ ಜೊತೆಗಿಟ್ಟು ನೋಡಬೇಕು? ಇವುಗಳ ನಡುವೆ ಯಾವ ನಂಟೂ ಇಲ್ಲ ಅನ್ನುವುದೇ ಕಾರಣ. ಕನ್ನಡ ಮತ್ತು ತುಳುವನ್ನು ಹೋಲಿಸುವಾಗ ಏನಾದರೂ ಒಂದೇ ಥರ ಕಂಡರೆ 'ಎರಡೂ ದ್ರಾವಿಡ ತಾನೇ' ಎಂದು ಮುಂದೆ ಹೋಗಿಬಿಡುತ್ತೇವೆ. ಇಲ್ಲಿ ಆ ಸುಲಭದ ದಾರಿ ಇಲ್ಲ. ಒಂದೇ ಥರ ಕಂಡ ಪ್ರತಿಯೊಂದಕ್ಕೂ ಬೇರೆ ಕಾರಣ ಹುಡುಕಬೇಕಾಗುತ್ತದೆ. ಹೋಲಿಸುವ ಕೆಲಸ ಕಲಿಯುವುದಕ್ಕೆ ಇಂಥ ಜೋಡಿಯೇ ಒಳ್ಳೆಯದು.

ಇದಕ್ಕೆ ಭಾಷಾವಿಜ್ಞಾನ ಓದಿರಬೇಕಿಲ್ಲ. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ ತೆರೆಯಿರಿ. ಮೂರು ಕಾಲಂ ಮಾಡಿ: ಖಾಸಿ, ಲಿಥುವೇನಿಯನ್, ಕನ್ನಡ. ಮೂರನೆಯದು ಯಾಕೆ ಅನ್ನುವುದು ನಾಲ್ಕನೇ ಹಂತಕ್ಕೆ ಬಂದಾಗ ತಾನಾಗೇ ಗೊತ್ತಾಗುತ್ತದೆ. ಪದಗಳ ಹೋಲಿಕೆಯನ್ನು ಬೇಗ ಮುಗಿಸಿ, ಜಾಸ್ತಿ ಹೊತ್ತನ್ನು ವಾಕ್ಯಗಳಿಗೆ ಇಟ್ಟುಕೊಳ್ಳಿ. ಎಲ್ಲರೂ ಇದನ್ನು ತಿರುವುಮುರುವಾಗಿ ಮಾಡುತ್ತಾರೆ.

ಹಂತ 1: ಕುಲ ತಿಳಿದುಕೊಳ್ಳಿ

ಖಾಸಿ ಆಸ್ಟ್ರೋ-ಏಷಿಯಾಟಿಕ್ ಕುಟುಂಬದ ಭಾಷೆ. ಸುತ್ತಮುತ್ತ ಟಿಬೆಟೋ-ಬರ್ಮನ್ ಮತ್ತು ಇಂಡೋ-ಆರ್ಯನ್ ಭಾಷೆಗಳೇ ತುಂಬಿವೆ. ಆದರೆ ಇದರ ನೆಂಟರು ಇರುವುದು ವಿಯೆಟ್ನಾಂ, ಕಾಂಬೋಡಿಯಾ, ಜಾರ್ಖಂಡ್ ಕಡೆಗೆ. ಕಣ್ಣಿಗೆ ಖಾಸಿಯಲ್ಲಿ 'ಖ್ಮಾತ್', ವಿಯೆಟ್ನಾಮೀಸ್‌ನಲ್ಲಿ 'ಮಾತ್'. ಮಗುವಿಗೆ ಖಾಸಿಯಲ್ಲಿ 'ಖುನ್', ಕಾಂಬೋಡಿಯಾದ ಖ್ಮೇರ್‌ನಲ್ಲಿ 'ಕೋನ್'. ಎರಡು ಅನ್ನುವುದಕ್ಕೆ ಖಾಸಿಯಲ್ಲಿ 'ಆರ್', ಜಾರ್ಖಂಡ್ ಕಡೆಯ ಸಂತಾಲಿಯಲ್ಲಿ 'ಬಾರ್'. ಈ ಕುಟುಂಬಕ್ಕೆ ಹೆಸರಿಟ್ಟವರು ವಿಲ್‌ಹೆಲ್ಮ್ ಶ್ಮಿಟ್, 1906ರಲ್ಲಿ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಖಾಸಿ ಮಾತಾಡುವವರು ಸುಮಾರು 14 ಲಕ್ಷ. ಮೇಘಾಲಯದಲ್ಲಿ 2005ರಲ್ಲಿ ಅದಕ್ಕೆ ಸಹ-ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಮಾತ್ರ ಇನ್ನೂ ಜಾಗ ಸಿಕ್ಕಿಲ್ಲ.

ಲಿಥುವೇನಿಯನ್ ಇಂಡೋ-ಯುರೋಪಿಯನ್ ಕುಟುಂಬದ್ದು, ಅದರೊಳಗೆ ಬಾಲ್ಟಿಕ್ ಶಾಖೆ. ಈ ಶಾಖೆಯಲ್ಲಿ ಇವತ್ತು ಉಳಿದಿರುವುದು ಇದು ಮತ್ತು ಲಾಟ್ವಿಯನ್ ಮಾತ್ರ. ಹಳೆಯ ಪ್ರಷ್ಯನ್ 18ನೇ ಶತಮಾನದ ಶುರುವಿನಲ್ಲೇ ಕಣ್ಮರೆಯಾಯಿತು. ಮಾತಾಡುವವರು ಸುಮಾರು 30 ಲಕ್ಷ. 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಒಂದು.

ಹಾಗಾಗಿ ಶೀಟಿನ ಮೇಲ್ಗಡೆ ಮೊದಲೇ ಬರೆದಿಡಿ: 'ಹೋಲಿಕೆ ಕಂಡರೆ ಅದಕ್ಕೆ ಕಾರಣ ಮೂರೇ: ಆಕಸ್ಮಿಕ, ಎರವಲು, ಅಥವಾ ಮನುಷ್ಯರ ಭಾಷೆಗಳೆಲ್ಲ ಸಾಮಾನ್ಯವಾಗಿ ಹಿಡಿಯುವ ದಾರಿ.' ಒಂದೇ ಮೂಲ ಅನ್ನುವ ಕಾರಣ ಇಲ್ಲಿ ಸಿಗುವುದಿಲ್ಲ.

ಹಂತ 2: ಅಕ್ಷರಗಳನ್ನು ಸರಿಯಾಗಿ ಓದಲು ಕಲಿಯಿರಿ

ಎರಡೂ ಭಾಷೆಗಳು ರೋಮನ್ ಲಿಪಿಯಲ್ಲೇ ಇವೆ. ಮೋಸ ಹೋಗುವುದು ಇಲ್ಲೇ.

ಖಾಸಿಗೆ ಈ ಲಿಪಿ ಬಂದದ್ದು ಥಾಮಸ್ ಜೋನ್ಸ್ ಎಂಬ ವೆಲ್ಷ್ ಮಿಷನರಿಯಿಂದ. 1841ರಲ್ಲಿ ಅವರು ಸೋಹ್ರಾಕ್ಕೆ, ಅಂದರೆ ನಾವು ಚಿರಾಪುಂಜಿ ಎನ್ನುವ ಊರಿಗೆ ಬಂದರು. ಅದಕ್ಕೂ ಮೊದಲು ಶ್ರೀರಾಮಪುರದ ಮಿಷನರಿಗಳು ಬಂಗಾಳಿ ಲಿಪಿಯಲ್ಲಿ ಖಾಸಿ ಬರೆಯಲು ನೋಡಿದ್ದರು. ಅದು ನಿಲ್ಲಲಿಲ್ಲ. ಖಾಸಿ ಅಕ್ಷರಮಾಲೆಯಲ್ಲಿ 'ಸಿ' ಇಲ್ಲ, 'ಬಿ' ಆದ ಮೇಲೆ ನೇರ 'ಕೆ' ಬರುತ್ತದೆ. ನಿಘಂಟು ತೆರೆದಾಗ ಇದು ನೆನಪಿರಲಿ, ಇಲ್ಲದಿದ್ದರೆ ಪದ ಸಿಗುವುದಿಲ್ಲ.

ಲಿಥುವೇನಿಯನ್‌ನ ಮೊದಲ ಅಚ್ಚಾದ ಪುಸ್ತಕ 1547ರದು, ಮಾರ್ತೀನಸ್ ಮಜ್ವೀದಸ್ ಅವರ ಧರ್ಮಪ್ರಶ್ನೋತ್ತರ. ಮುಂದೆ ರಷ್ಯದ ತ್ಸಾರ್ ಸರ್ಕಾರ 1864ರಿಂದ 1904ರವರೆಗೆ ರೋಮನ್ ಲಿಪಿಯಲ್ಲಿ ಲಿಥುವೇನಿಯನ್ ಅಚ್ಚು ಹಾಕುವುದನ್ನೇ ನಿಷೇಧಿಸಿತು. ಜನ ಸುಮ್ಮನಿರಲಿಲ್ಲ. ಪೂರ್ವ ಪ್ರಷ್ಯದಲ್ಲಿ ಅಚ್ಚು ಹಾಕಿಸಿ, ಗಡಿ ದಾಟಿಸಿ ಕಳ್ಳಸಾಗಣೆ ಮಾಡಿದರು. ಅವರಿಗೆ 'ಕ್ನೀಗ್ನೆಶಿಯೈ', ಪುಸ್ತಕ ಹೊರುವವರು, ಎಂದೇ ಹೆಸರು. ಈ ಕತೆ ನಿಮ್ಮ ಕೆಲಸಕ್ಕೂ ಬೇಕು: ಆ ಕಾಲದ ಪಠ್ಯಗಳ ಕಾಗುಣಿತ ಇವತ್ತಿನದಲ್ಲ. ಉದಾಹರಣೆಗಳನ್ನು ಇತ್ತೀಚಿನ ಬರಹಗಳಿಂದಲೇ ತೆಗೆದುಕೊಳ್ಳಿ.

ಒಂದೇ ಅಕ್ಷರಕ್ಕೆ ಎರಡು ಕಡೆ ಎರಡು ಬೆಲೆ. 'ಜೆ' ಅಕ್ಷರ ಖಾಸಿಯಲ್ಲಿ 'ಜ', ಲಿಥುವೇನಿಯನ್‌ನಲ್ಲಿ 'ಯ'. 'ವೈ' ಅಕ್ಷರ ಲಿಥುವೇನಿಯನ್‌ನಲ್ಲಿ ದೀರ್ಘ 'ಈ'. ಖಾಸಿಯಲ್ಲಿ ಅದು 'ಇ' ಮತ್ತು 'ಅ' ನಡುವೆ ಎಲ್ಲೋ ಬರುವ ಮಂಕಾದ ಸ್ವರ. ಖಾಸಿ ಪದದ ಕೊನೆಯ 'ಎಚ್' ಉಸಿರಲ್ಲ, ಗಂಟಲಲ್ಲಿ ಥಟ್ಟನೆ ನಿಲ್ಲುವ ತಡೆ. ಇಂಥದ್ದಕ್ಕೆಲ್ಲ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಶಾಲೆಯಲ್ಲಿ ವರ್ಣಮಾಲೆ ಬರೆಯುವಾಗ ಬಿಟ್ಟರೆ ಬೇರೆಲ್ಲೂ ಕೆಲಸಕ್ಕೆ ಬಾರದ 'ಙ' ಮತ್ತು 'ಞ' ಇಲ್ಲಿ ಕೊನೆಗೂ ಸಂಬಳಕ್ಕೆ ಬರುತ್ತವೆ. ಖಾಸಿಯಲ್ಲಿ 'ನಾನು' ಎಂದರೆ 'ಙಾ'. ಪದದ ಮೊದಲಿಗೇ 'ಙ'! 'ನಾವು' ಎಂದರೆ 'ಙಿ'. 'ಖ', 'ಫ', 'ಥ' ಕೂಡ ನಮ್ಮ ಮಹಾಪ್ರಾಣಗಳಂತೆಯೇ. ಆದರೆ 'ಫ' ಬರೆದಾಗ 'ಫೋನ್' ಎನ್ನುವಂತೆ ಓದಬೇಡಿ, 'ಫಲ' ಎನ್ನುವುದನ್ನು ಹಳೆಯ ಮೇಷ್ಟ್ರುಗಳು ಹೇಳುವಂತೆ ಓದಿ. ಒತ್ತಕ್ಷರಗಳೂ ವಿಚಿತ್ರ: 'ಬ್ನಾಯ್', 'ಸ್ಙಿ', 'ಕ್ತಿಯೆನ್'. ಮಧ್ಯೆ ಸ್ವರ ತೂರಿಸದೆ ಹೇಳಿ ನೋಡಿ.

ಕನ್ನಡ ಲಿಪಿ ಕೈಕೊಡುವುದು ಲಿಥುವೇನಿಯನ್‌ನ ಸ್ವರಾಘಾತದಲ್ಲಿ. 'ಔಕ್ಷ್ತಸ್' ಎಂಬುದನ್ನು ಒಂದು ಏರಿಳಿತದಲ್ಲಿ ಹೇಳಿದರೆ 'ಎತ್ತರದ', ಇನ್ನೊಂದರಲ್ಲಿ ಹೇಳಿದರೆ 'ಮಹಡಿ'. ಪತ್ರಿಕೆ, ಕಾದಂಬರಿಗಳಲ್ಲಿ ಈ ಗುರುತು ಹಾಕುವುದಿಲ್ಲ, ನಿಘಂಟಿನಲ್ಲಿ ಮಾತ್ರ ಹಾಕುತ್ತಾರೆ. ಖಾಸಿಯಲ್ಲೂ ಸ್ವರ ಉದ್ದವೋ ಗಿಡ್ಡವೋ ಎಂಬುದು ಬರಹದಿಂದ ಎಲ್ಲ ಕಡೆ ಗೊತ್ತಾಗುವುದಿಲ್ಲ. ಆದ್ದರಿಂದ ಎರಡಕ್ಕೂ ಕಿವಿಯಿಂದ ಕೇಳುವ ಧ್ವನಿಮುದ್ರಣ ಬೇಕೇಬೇಕು.

ಹಂತ 3: ಪದಪಟ್ಟಿ ಮಾಡಿ, ಆದರೆ ನಂಬಬೇಡಿ

ಮಾರಿಸ್ ಸ್ವಾಡೆಶ್ ಎಂಬ ಅಮೆರಿಕದ ವಿದ್ವಾಂಸರು ಮಾಡಿದ ಮೂಲಪದಗಳ ಪಟ್ಟಿ ಇದೆ. ಕೈ, ಕಾಲು, ನೀರು, ಬೆಂಕಿ, ಒಂದು, ಎರಡು ಥರದ ಪದಗಳು. ಅದರಿಂದ ಒಂದಿಷ್ಟು ತುಂಬಿಸಿ. ಅಂಕಿಗಳಿಂದ ಶುರು ಮಾಡೋಣ.

ಖಾಸಿ: ವೆಯ್, ಆರ್, ಲಾಯ್, ಸಾವ್, ಸಾನ್, ಹಿನ್ರಿಯೆವ್, ಹಿನ್ಞೆವ್, ಫ್ರಾ, ಖಿಂದಾಯ್, ಶಿಫೆವ್.
ಲಿಥುವೇನಿಯನ್: ವಿಯೆನಸ್, ದು, ತ್ರೀಸ್, ಕೆತುರಿ, ಪೆಂಕಿ, ಶೆಶಿ, ಸೆಪ್ತೀನಿ, ಅಶ್ತುವೊನಿ, ದೆವೀನಿ, ದೆಶಿಮ್ತ್.

ಎರಡನೇ ಸಾಲು ಓದುವಾಗ ಏನೋ ಪರಿಚಯದ್ದು ಅನ್ನಿಸಿತು, ಅಲ್ವಾ? ದ್ವಿ, ತ್ರಿ, ಚತುರ್, ಪಂಚ, ಷಟ್, ಸಪ್ತ, ಅಷ್ಟ, ನವ, ದಶ. ಲಿಥುವೇನಿಯನ್ ಮತ್ತು ಸಂಸ್ಕೃತ ಒಂದೇ ಕುಟುಂಬದವು. ಪಟ್ಟಿ ಇನ್ನೂ ಬೆಳೆಯುತ್ತದೆ. ಉಗ್ನಿಸ್ ಎಂದರೆ ಬೆಂಕಿ, ನಮ್ಮ ಅಗ್ನಿ. ದೂಮಸ್ ಧೂಮ, ಮೆದುಸ್ ಮಧು, ದಂತಿಸ್ ದಂತ, ದಿಯೆವಸ್ ದೇವ, ಸೂನುಸ್ ಸೂನು, ಅಂದರೆ ಮಗ. ವೀರಸ್ ಎಂದರೆ ಗಂಡಸು. ಅಲ್ಲಿ ಎಲ್ಲ ಗಂಡಸರೂ ವೀರರೇ.

ಇದು ಕನ್ನಡಿಗರಿಗೇ ಕಾದಿರುವ ಗುಂಡಿ. 'ಅಗ್ನಿ', 'ದಂತ' ಕನ್ನಡದಲ್ಲಿ ಎರವಲು ಬಂದ ಪದಗಳು. ನಮ್ಮ ಸ್ವಂತದ್ದು ಬೆಂಕಿ, ಹಲ್ಲು. ಲಿಥುವೇನಿಯನ್‌ಗೆ ಅವು ಎರವಲಲ್ಲ, ಮೂಲದಿಂದಲೇ ಬಂದವು. ಹಾಗಾಗಿ 'ಕನ್ನಡಕ್ಕೂ ಲಿಥುವೇನಿಯನ್‌ಗೂ ಇಷ್ಟು ಹೋಲಿಕೆ, ಖಾಸಿಗೆ ಇಲ್ಲ' ಎಂದು ಬರೆದರೆ ನೀವು ಹೋಲಿಸಿದ್ದು ಕನ್ನಡವನ್ನಲ್ಲ, ಸಂಸ್ಕೃತವನ್ನು. ಕನ್ನಡದ ಕಾಲಂನಲ್ಲಿ ದೇಸಿ ಪದವನ್ನೇ ಹಾಕಿ.

ಖಾಸಿ ಕಡೆಯೂ ಎರವಲುಗಳಿವೆ. ಸೊರ್ಕಾರ್, ದುಕಾನ್, ಖುಬೊರ್. ಸರ್ಕಾರ, ಅಂಗಡಿ, ಸುದ್ದಿ ಎಂದು ಬಿಡಿಸಿ ಹೇಳಬೇಕಿಲ್ಲ. ಬಂಗಾಳಿ, ಹಿಂದಿಗಳ ದಾರಿಯಲ್ಲಿ ಬಂದವು. ಇವನ್ನು ಪಟ್ಟಿಯಿಂದ ತೆಗೆಯಿರಿ. ಲಿಥುವೇನಿಯನ್‌ನಲ್ಲಿ ಸಂತೆಗೆ 'ತುರ್ಗುಸ್' ಎನ್ನುತ್ತಾರೆ, ಅದು ಸ್ಲಾವಿಕ್ ಭಾಷೆಯಿಂದ ಬಂದದ್ದು. ಅದೂ ಹೊರಗೆ.

ಇನ್ನು ಆಕಸ್ಮಿಕಗಳು. 'ಆರ್' ಖಾಸಿಯಲ್ಲಿ ಎರಡು. ಲಿಥುವೇನಿಯನ್‌ನಲ್ಲಿ ಪ್ರಶ್ನೆ ಶುರು ಮಾಡುವ ಪದ. ನಮಗೆ ಕೇಳಿದರೆ ಆರು. 'ನೆ' ಲಿಥುವೇನಿಯನ್‌ನಲ್ಲಿ ಇಲ್ಲ, ಖಾಸಿಯಲ್ಲಿ 'ಅಥವಾ'. ಗಿಡ್ಡ ಪದಗಳಿರುವ ಯಾವ ಎರಡು ಭಾಷೆ ತೆಗೆದುಕೊಂಡರೂ ಇಂಥವು ಹತ್ತಾರು ಸಿಗುತ್ತವೆ. ನೋಡಿ ನಕ್ಕು ಬಿಡಿ.

ಹಂತ 4: ಒಂದೇ ವಾಕ್ಯವನ್ನು ಬಿಚ್ಚಿ ನೋಡಿ

ನಿಜವಾದ ಕೆಲಸ ಇಲ್ಲಿಂದ ಶುರು. ಸುಲಭದ ವಾಕ್ಯ ಒಂದನ್ನು ಆರಿಸಿ: ನಾಯಿ ಬೆಕ್ಕನ್ನು ನೋಡುತ್ತದೆ.

ಖಾಸಿ: ಉ ಕ್ಸೆವ್ ಉ ಯೋಹಿ ಯಾ ಕಾ ಮಿಯಾವ್.
ಲಿಥುವೇನಿಯನ್: ಶುವೊ ಮಾತೊ ಕಾತ್ಯಾ.

ಪ್ರತಿ ತುಂಡಿನ ಕೆಳಗೆ ಅದರ ಕೆಲಸ ಬರೆಯಿರಿ. ಖಾಸಿ ಸಾಲಿಗೆ ಹೀಗೆ: ಗಂಡು-ಗುರುತು, ನಾಯಿ, ಗಂಡು-ಗುರುತು ಮತ್ತೆ, ನೋಡು, ಕರ್ಮದ ಗುರುತು, ಹೆಣ್ಣು-ಗುರುತು, ಬೆಕ್ಕು. ಏಳು ತುಂಡು. ಯಾವ ಪದವೂ ರೂಪ ಬದಲಿಸಿಲ್ಲ. ಲಿಥುವೇನಿಯನ್‌ನಲ್ಲಿ ಮೂರೇ ಪದ. ಆದರೆ ಸುಮ್ನೆ ಇರುವಾಗ 'ಕತೇ' ಎನ್ನಿಸಿಕೊಳ್ಳುವ ಬೆಕ್ಕು ಇಲ್ಲಿ 'ಕಾತ್ಯಾ' ಆಗಿದೆ. ಕೊನೆಯ ಸ್ವರದೊಳಗೇ 'ಅನ್ನು' ಅಡಗಿದೆ.

ಈಗ ತಿರುವಿ ಹಾಕಿ. ಲಿಥುವೇನಿಯನ್‌ನಲ್ಲಿ 'ಕಾತ್ಯಾ ಮಾತೊ ಶುವೊ' ಎಂದರೂ ನೋಡುವುದು ನಾಯಿಯೇ. ಒತ್ತು ಮಾತ್ರ ಬದಲಾಗುತ್ತದೆ. ಬೆಕ್ಕು ನಾಯಿಯನ್ನು ನೋಡಬೇಕಾದರೆ 'ಕತೇ ಮಾತೊ ಶುನೀ' ಎನ್ನಬೇಕು. ಕನ್ನಡದಲ್ಲೂ 'ಬೆಕ್ಕನ್ನು ನಾಯಿ ನೋಡುತ್ತದೆ' ಎನ್ನಬಹುದಲ್ಲ, ಹಾಗೆಯೇ. ಖಾಸಿಯಲ್ಲಿ ಮೊದಲು ಕರ್ತೃ, ಆಮೇಲೆ ಕ್ರಿಯೆ, ಆಮೇಲೆ ಕರ್ಮ ಎನ್ನುವುದೇ ಸಾಮಾನ್ಯ ಸಾಲು, ಕರ್ಮದ ಮುಂದೆ 'ಯಾ' ನಿಲ್ಲುತ್ತದೆ.

ಲಿಥುವೇನಿಯನ್‌ನಲ್ಲಿ ಏಳು ವಿಭಕ್ತಿಗಳು, ಸಂಬೋಧನೆಯೂ ಸೇರಿ. ವಿಭಕ್ತಿ ಎಂದರೆ ಇಂಗ್ಲಿಷ್ ಓದುಗರು ಬೆವರುತ್ತಾರೆ. ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ ಎನ್ನುವ ನಮಗೆ ಭಯವಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಪ್ರತ್ಯಯ ಬಹುವಚನದಲ್ಲೂ ಅದೇ: ಮನೆಯಲ್ಲಿ, ಮನೆಗಳಲ್ಲಿ. ಅಲ್ಲಿ ವಚನ ಮತ್ತು ವಿಭಕ್ತಿ ಕರಗಿ ಒಂದೇ ಆಗಿರುತ್ತವೆ. ಮನೆ 'ನಾಮಸ್', ಮನೆಯಲ್ಲಿ 'ನಾಮೆ', ಮನೆಗಳಲ್ಲಿ 'ನಾಮುವೊಸೆ'. ಬಹುವಚನದ ತುಂಡು ಯಾವುದು, ವಿಭಕ್ತಿಯ ತುಂಡು ಯಾವುದು ಎಂದು ಕತ್ತರಿಸಲು ಬರುವುದಿಲ್ಲ.

ಕ್ರಿಯಾಪದಕ್ಕೆ ಬನ್ನಿ. ಮೂರನೇ ಕಾಲಂ ಬೇಕಾದದ್ದು ಇದಕ್ಕೇ. ನಾಯಿಗಳು ನೋಡುತ್ತವೆ ಎನ್ನಲು ಲಿಥುವೇನಿಯನ್‌ನಲ್ಲಿ 'ಶುನೀಸ್ ಮಾತೊ'. ಕ್ರಿಯಾಪದ ಅದೇ 'ಮಾತೊ'. ಪ್ರಥಮ ಪುರುಷದಲ್ಲಿ ಒಂದೋ ಹಲವೋ ಅದಕ್ಕೆ ಲೆಕ್ಕವಿಲ್ಲ. ಅವನು ಹೋಗುತ್ತಾನೆ 'ಯಿಸ್ ಎಯ್ನಾ', ಅವಳು ಹೋಗುತ್ತಾಳೆ 'ಯಿ ಎಯ್ನಾ'. ಗಂಡೋ ಹೆಣ್ಣೋ ಅದಕ್ಕೂ ಲೆಕ್ಕವಿಲ್ಲ. ಖಾಸಿಯಲ್ಲಿ ಅವನು ಹೋದರೆ 'ಉ ಲೆಯ್ತ್', ಅವಳು ಹೋದರೆ 'ಕಾ ಲೆಯ್ತ್', ಅವರು ಹೋದರೆ 'ಕಿ ಲೆಯ್ತ್'. ಕರ್ತೃವಿನ ಹೆಸರು ಹೇಳಿದ ಮೇಲೂ ಈ ಗುರುತು ಕ್ರಿಯೆಯ ಮುಂದೆ ಮತ್ತೆ ಬರುತ್ತದೆ. ಈಗ ನಮ್ಮದು ನೋಡಿ: ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ. ರಾಮ ಎಂದ ಮೇಲೂ 'ಆನೆ' ಬಿಡುವುದಿಲ್ಲ. ಖಾಸಿ ಈ ಗುರುತನ್ನು ಕ್ರಿಯೆಯ ಮುಂದೆ ಇಡುತ್ತದೆ, ಕನ್ನಡ ಹಿಂದೆ ಇಡುತ್ತದೆ, ಮಾಡುವ ಕೆಲಸ ಒಂದೇ. ವಿಭಕ್ತಿಯಲ್ಲಿ ನಮಗೆ ಹತ್ತಿರ ಕಂಡ ಲಿಥುವೇನಿಯನ್ ಇಲ್ಲಿ ದೂರ ಹೋಯಿತು. ಭಾಷೆ ಭಾಷೆಯನ್ನು ಇಡಿಯಾಗಿ ಹೋಲಿಸಿ 'ಇದು ಹತ್ತಿರ, ಅದು ದೂರ' ಎನ್ನುವುದು ಯಾಕೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ ಎಂದು ಇದರಿಂದ ಕಾಣುತ್ತದೆ.

ಅದೇ ವಾಕ್ಯವನ್ನು 'ಇಲ್ಲ' ಮಾಡಿ. ಖಾಸಿ: ಉ ಕ್ಸೆವ್ ಉಮ್ ಯೋಹಿ ಯಾ ಕಾ ಮಿಯಾವ್. 'ಉ' ಜೊತೆ ನಿಷೇಧದ 'ಇಮ್' ಸೇರಿ 'ಉಮ್' ಆಯಿತು, ಉಳಿದದ್ದೆಲ್ಲ ಹಾಗೇ. ಲಿಥುವೇನಿಯನ್: ಶುವೊ ನೆಮಾತೊ ಕತೇಸ್. 'ನೆ' ಅಂಟಿಕೊಂಡದ್ದು ಸರಿ, ಬೆಕ್ಕೂ 'ಕಾತ್ಯಾ'ದಿಂದ 'ಕತೇಸ್' ಆಯಿತು. ನೋಡದೆ ಇದ್ದರೆ 'ಬೆಕ್ಕನ್ನು' ಅಲ್ಲ, 'ಬೆಕ್ಕಿನ' ಎನ್ನಬೇಕು! ಒಂದೇ ವಾಕ್ಯ ನೋಡಿ ನಿಲ್ಲಿಸಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಪ್ರತಿ ವಾಕ್ಯಕ್ಕೂ ನಿಷೇಧ, ಪ್ರಶ್ನೆ, ಭೂತಕಾಲ, ಬಹುವಚನ ಮಾಡಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಹಂತ 5: ಲಿಂಗದ ಲೆಕ್ಕ

ಕನ್ನಡದಲ್ಲಿ ಕಲ್ಲು, ಮರ, ಗಾಳಿ ಎಲ್ಲ ನಪುಂಸಕ. ಖಾಸಿ ಮತ್ತು ಲಿಥುವೇನಿಯನ್ ಎರಡೂ ವಸ್ತುಗಳನ್ನು ಗಂಡು ಹೆಣ್ಣು ಎಂದು ಹಂಚುತ್ತವೆ. ಒಂಬತ್ತು ಪದ ತೆಗೆದುಕೊಳ್ಳಿ.

ಸೂರ್ಯ: ಖಾಸಿ 'ಕಾ ಸ್ಙಿ', ಹೆಣ್ಣು. ಲಿಥುವೇನಿಯನ್ 'ಸೌಲೇ', ಹೆಣ್ಣು.
ಚಂದ್ರ: 'ಉ ಬ್ನಾಯ್', ಗಂಡು. 'ಮೇನುಲಿಸ್', ಗಂಡು.
ಗುಡ್ಡ: 'ಉ ಲುಮ್', ಗಂಡು. 'ಕಾಲ್ನಸ್', ಗಂಡು.
ಹೊಳೆ: 'ಕಾ ವಾಹ್', ಹೆಣ್ಣು. 'ಉಪೇ', ಹೆಣ್ಣು.
ಮಳೆ: 'ಉ ಸ್ಲಾಪ್', ಗಂಡು. 'ಲಿಯೆತುಸ್', ಗಂಡು.
ಮರ: 'ಉ ದಿಯೆಂಗ್', ಗಂಡು. 'ಮೆದಿಸ್', ಗಂಡು.
ಮನೆ: 'ಕಾ ಯಿಂಗ್', ಹೆಣ್ಣು. 'ನಾಮಸ್', ಗಂಡು.
ನೀರು: 'ಕಾ ಉಮ್', ಹೆಣ್ಣು. 'ವಂದುವೊ', ಗಂಡು.
ಗಾಳಿ: 'ಕಾ ಲಿಯೆರ್', ಹೆಣ್ಣು. 'ವೇಯಸ್', ಗಂಡು.

ಒಂಬತ್ತರಲ್ಲಿ ಆರು ಹೊಂದಿಕೊಂಡವು. ಮೊದಲ ಆರನ್ನೇ ನೋಡಿದವರು ರೋಮಾಂಚನಗೊಳ್ಳುತ್ತಾರೆ. ನಾನು ಬೇಕೆಂದೇ ಅವನ್ನು ಮೇಲಿಟ್ಟೆ. ಇರುವುದು ಎರಡೇ ಆಯ್ಕೆ, ಗಂಡು ಅಥವಾ ಹೆಣ್ಣು. ನಾಣ್ಯ ಚಿಮ್ಮಿದರೂ ನಾಲ್ಕೋ ಐದೋ ಹೊಂದುತ್ತವೆ. ಆರು ಬಂದದ್ದು ದೊಡ್ಡ ಸುದ್ದಿಯಲ್ಲ. ಏನಾದರೂ ಹೇಳಬೇಕೆಂದರೆ ಪದಗಳನ್ನು ನೀವೇ ಆರಿಸದೆ, ಮೊದಲೇ ಸಿದ್ಧವಿರುವ ಪಟ್ಟಿಯಿಂದ ಸಾಲಾಗಿ ನೂರಾರು ತೆಗೆದು ಎಣಿಸಬೇಕು.

ಸೂರ್ಯ ಹೆಣ್ಣು, ಚಂದ್ರ ಗಂಡು ಎನ್ನುವುದಕ್ಕೆ ಎರಡೂ ಕಡೆ ಕತೆಗಳಿವೆ. ಖಾಸಿ ಕತೆಯಲ್ಲಿ ಅವರಿಬ್ಬರೂ ಅಕ್ಕತಮ್ಮಂದಿರು; ಚಂದ್ರ ಸೂರ್ಯಳ ಮೇಲೇ ಕಣ್ಣು ಹಾಕಿದ, ಅವಳು ಸಿಟ್ಟಿನಿಂದ ಬೂದಿ ಎರಚಿದಳು, ಮುಖದ ಕಲೆ ಇನ್ನೂ ಹೋಗಿಲ್ಲ. ಲಿಥುವೇನಿಯಾದ ಹಾಡಿನಲ್ಲಿ ಅವರು ಗಂಡಹೆಂಡತಿ. ಚಂದ್ರ ಬೆಳ್ಳಿಚುಕ್ಕಿಯ ಹಿಂದೆ ಹೋದ, ಗುಡುಗಿನ ದೇವರು ಪೆರ್ಕೂನಸ್ ಕತ್ತಿಯಿಂದ ಸೀಳಿದ. ಎರಡೂ ಕಡೆ ಚಂದ್ರನ ನಡತೆ ಸರಿಯಿಲ್ಲ. ಹಾಗೆಂದು ಖಾಸಿಗಳೂ ಬಾಲ್ಟಿಕ್ ಜನರೂ ಒಂದು ಕಾಲದಲ್ಲಿ ಒಟ್ಟಿಗಿದ್ದರು ಎಂದು ಹೊರಡಬೇಡಿ. ಕತೆಯನ್ನು ಕತೆಯ ಶೀಟಿಗೆ ಹಾಕಿ, ವ್ಯಾಕರಣದ ಶೀಟಿಗೆ ತರಬೇಡಿ.

ಹೋಲಿಸಬೇಕಾದದ್ದು ಲಿಂಗ ಎಲ್ಲಿ ಕಾಣುತ್ತದೆ ಎನ್ನುವುದನ್ನು. ಲಿಥುವೇನಿಯನ್‌ನಲ್ಲಿ ಪದದ ಬಾಲವೇ ಹೇಳುತ್ತದೆ: 'ಅಸ್', 'ಉಸ್' ಬಂದರೆ ಗಂಡು, 'ಆ', 'ಏ' ಬಂದರೆ ಬಹುಮಟ್ಟಿಗೆ ಹೆಣ್ಣು. ಖಾಸಿಯಲ್ಲಿ 'ಲುಮ್' ಎಂದಷ್ಟೇ ಕೇಳಿದರೆ ಏನೂ ತಿಳಿಯದು, 'ಉ' ಸಮೇತ ಕಲಿಯಬೇಕು. ಒಂದೇ ಪದಕ್ಕೆ ಗುರುತು ಬದಲಿಸಿದರೆ ಸಾಕು: 'ಉ ಖಿನ್ನಾಹ್' ಹುಡುಗ, 'ಕಾ ಖಿನ್ನಾಹ್' ಹುಡುಗಿ. ಖಾಸಿಯ ಲಿಂಗ ಎದುರಿಗಿರುವವರನ್ನೂ ಬಿಡುವುದಿಲ್ಲ. 'ನೀನು' ಎನ್ನಲು ಗಂಡಸಿಗೆ 'ಮೆ', ಹೆಂಗಸಿಗೆ 'ಫಾ'. ಗೌರವಕ್ಕೆ 'ಫಿ', ನಮ್ಮ 'ನೀವು' ಥರ. ಲಿಥುವೇನಿಯನ್‌ನಲ್ಲಿ 'ತು' ಮತ್ತು 'ಯೂಸ್', ಇವು ಲಿಂಗ ನೋಡುವುದಿಲ್ಲ. ಖಾಸಿಯಲ್ಲಿ 'ಇ' ಎಂಬ ಮೂರನೇ ಗುರುತೂ ಇದೆ, ಚಿಕ್ಕದಕ್ಕೆ, ಅಕ್ಕರೆಗೆ, ಗೌರವಕ್ಕೆ. ಅಮ್ಮನಿಗೆ 'ಇ ಮೆಯ್'. ಇದೇ ಅಕ್ಕರೆಯ ಕೆಲಸಕ್ಕೆ ಲಿಥುವೇನಿಯನ್ ಬಾಲ ಸೇರಿಸುತ್ತದೆ: 'ಸೌಲೇ'ಯನ್ನು ಮುದ್ದಿಗೆ 'ಸೌಲುತೇ' ಎನ್ನುತ್ತಾರೆ.

ಹಂತ 6: ಹೊಸ ಪದ ಹುಟ್ಟುವ ಬಗೆ

ಕಲಿಸು ಎನ್ನುವುದಕ್ಕೆ ಖಾಸಿ 'ಹಿಕಾಯ್'. ಮುಂದೆ 'ನೊಂಗ್' ಹಚ್ಚಿದರೆ 'ನೊಂಗ್‌ಹಿಕಾಯ್', ಮೇಷ್ಟ್ರು. 'ಬಾಮ್' ತಿನ್ನು, 'ಜಿಂಗ್‌ಬಾಮ್' ತಿನಿಸು. 'ಯಾಪ್' ಸಾಯಿ, 'ಪಿನ್‌ಯಾಪ್' ಸಾಯಿಸು. ಎಲ್ಲವೂ ಮುಂದೆ. ಲಿಥುವೇನಿಯನ್‌ನಲ್ಲಿ 'ಮೋಕೀತಿ' ಕಲಿಸುವುದು, 'ಮೋಕೀತೊಯಸ್' ಮೇಷ್ಟ್ರು. 'ದೆಗ್ತಿ' ಉರಿಯುವುದು, 'ದೆಗಿಂತಿ' ಉರಿಸುವುದು. ಹಿಂದೆ ಅಥವಾ ಒಳಗೆ, ನಮ್ಮ 'ಉರಿ, ಉರಿಸು' ಥರ. ಮುಂದೆ ಹಚ್ಚುವುದೂ ಅಲ್ಲಿದೆ, ಆದರೆ ಬೇರೆ ಕೆಲಸಕ್ಕೆ: 'ರಶೀತಿ' ಬರೆಯುತ್ತಿರುವುದು, 'ಪರಶೀತಿ' ಬರೆದು ಮುಗಿಸುವುದು.

ಖಾಸಿ ಮುಂದೆ ಕಟ್ಟುವ ಭಾಷೆ ಎಂಬುದಕ್ಕೆ ಊರು, ಜಲಪಾತಗಳ ಹೆಸರೂ ಸಾಕ್ಷಿ. ನೋಹ್‌ಕಾಲಿಕಾಯ್ ಜಲಪಾತವನ್ನು ಬಿಡಿಸಿದರೆ 'ಹಾರು, ಹೆಣ್ಣು-ಗುರುತು, ಲಿಕಾಯ್'. 'ಅಪ್ಪನ ಮನೆ' ಎಂಬುದಕ್ಕೆ ಲಿಥುವೇನಿಯನ್ ನಮ್ಮಂತೆಯೇ ಅಪ್ಪನನ್ನು ಮೊದಲು ಹೇಳುತ್ತದೆ: 'ತೇವೊ ನಾಮಸ್'. ಖಾಸಿಯಲ್ಲಿ ಮನೆ ಮೊದಲು: 'ಕಾ ಯಿಂಗ್ ಜೊಂಗ್ ಉ ಕ್ಪಾ'.

ಹಂತ 7: ಬರೆದದ್ದನ್ನು ಪರೀಕ್ಷಿಸಿ

ಖಾಸಿಗೆ ನಿಸ್ಸೋರ್ ಸಿಂಗ್ ಅವರ 1906ರ ನಿಘಂಟು ಹಳೆಯದಾದರೂ ಕೆಲಸಕ್ಕೆ ಬರುತ್ತದೆ. ಗ್ರಿಯರ್‌ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯ ಎರಡನೇ ಸಂಪುಟದಲ್ಲಿ ಖಾಸಿಯ ವಿವರ ಇದೆ. ಕರ್ನಾಟಕದಲ್ಲಿ ಇರುವವರಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಹತ್ತಿರ; 1969ರಿಂದ ದೇಶದ ಭಾಷೆಗಳ ಮೇಲೇ ಕೆಲಸ ಮಾಡುತ್ತಿದೆ. ಶಿಲ್ಲಾಂಗ್‌ನ ಈಶಾನ್ಯ ಗುಡ್ಡಗಾಡು ವಿಶ್ವವಿದ್ಯಾಲಯದಲ್ಲಿ ಖಾಸಿ ವಿಭಾಗವೇ ಇದೆ. ಲಿಥುವೇನಿಯನ್‌ಗೆ 1941ರಿಂದ 2002ರವರೆಗೆ ಬಂದ 20 ಸಂಪುಟಗಳ ನಿಘಂಟು ಆನ್‌ಲೈನ್‌ನಲ್ಲೇ ಸಿಗುತ್ತದೆ.

ಎಲ್ಲಿಯ ಮಾತು ಎಂಬುದನ್ನೂ ಬರೆದಿಡಿ. ಬರಹದ ಖಾಸಿ ಸೋಹ್ರಾ ಕಡೆಯದು. ಜೈಂತಿಯಾ ಗುಡ್ಡಗಳ ಪ್ನಾರ್, ದಕ್ಷಿಣದ ವಾರ್ ಬೇರೆ ಥರ ಕೇಳಿಸುತ್ತವೆ. ಲಿಥುವೇನಿಯಾದಲ್ಲೂ ಪಶ್ಚಿಮದ ಜೆಮೈತಿಯಾ ಪ್ರದೇಶದವರ ಮಾತು ಶಿಷ್ಟ ಭಾಷೆಗಿಂತ ಸಾಕಷ್ಟು ಬೇರೆ.

ಕೊನೆಗೆ ಆಡುವವರನ್ನೇ ಕೇಳಿ. ಬೆಂಗಳೂರಿನ ಕಾಲೇಜು, ಆಸ್ಪತ್ರೆಗಳಲ್ಲಿ ಮೇಘಾಲಯದವರು ಸಿಗುತ್ತಾರೆ. ಗಂಡಸರನ್ನು 'ಬಾಹ್', ಹೆಂಗಸರನ್ನು 'ಕೊಂಗ್' ಎಂದು ಮಾತಾಡಿಸಿ, ನಮ್ಮ ಅಣ್ಣ, ಅಕ್ಕ ಥರ. ದ್ವಿತೀಯಾ ವಿಭಕ್ತಿ ಹೇಗೆ ಎಂದು ಕೇಳಬೇಡಿ, ಯಾರಿಗೂ ಉತ್ತರ ಬರುವುದಿಲ್ಲ. ನಾಯಿ, ಬೆಕ್ಕಿನ ಒಂದು ಚಿತ್ರ ತೋರಿಸಿ ಏನಾಗುತ್ತಿದೆ ಎಂದು ಕೇಳಿ. ಆಮೇಲೆ ನೀವೇ ಬದಲಿಸಿದ ವಾಕ್ಯ ಹೇಳಿ, ಹೀಗೆ ಅನ್ನುತ್ತೀರಾ ಎಂದು ಕೇಳಿ. 'ಅರ್ಥವಾಗುತ್ತದೆ, ಆದರೆ ನಾವು ಹಾಗೆ ಅನ್ನುವುದಿಲ್ಲ' ಎಂದರೆ ಅದನ್ನೂ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಹೊರಡುವಾಗ 'ಖುಬ್ಲೆಯ್ ಶಿಬೂನ್' ಎನ್ನಿ, ತುಂಬಾ ಥ್ಯಾಂಕ್ಸ್ ಎಂದರ್ಥ. ಲಿಥುವೇನಿಯನ್ನರು ಸಿಕ್ಕರೆ 'ಆಚ್ಯು' ಎಂದರೆ ಸಾಕು.